ಭಾವಮೈದನ ಚಿತ್ರಮಂದಿರದಲ್ಲಿ ನನ್ನ ನಿಶ್ಶಬ್ದ ಸೇವೆ

ಮದುವೆಯಾದಂದಿನಿಂದ ನನ್ನ ಮಾವನ ಮನೆಯವರು ನನಗೆ ಒಂದು ಕೆಲಸವನ್ನೂ ಹೇಳಿದವರಲ್ಲ. "ಮೇಷ್ಟ್ರು ಕುಂತ್ಕಳ್ಲಿ" ಎಂದು ಕುರ್ಚಿ ಹಾಕಿಬಿಡುತ್ತಾರೆ. ಇದು ಗೌರವವೋ ಮುನ್ನೆಚ್ಚರಿಕೆಯೋ ಎಂಬುದು ನಿವೃತ್ತನಾದ ಮೇಲೂ ನನಗೆ ಬಗೆಹರಿದಿಲ್ಲ. ಆದ್ದರಿಂದ ಭಾವಮೈದ ಅನಂತರಾಜು ಕನಕಪುರದಲ್ಲಿ ರೇಷ್ಮೆಗೂಡಿನ ಹಳೆಯ ಗೋದಾಮನ್ನು ಪುಟ್ಟ ಚಿತ್ರಮಂದಿರ ಮಾಡಿ, "ಭಾವ, ಸಾಯಂಕಾಲ ಮೊದಲ್ನೇ ಆಟ. ಬೆಳಿಗ್ಗೇನೇ ಬಂದು ಒಸಿ ನೋಡಿ" ಎಂದು ಕರೆದಾಗ, ನಾನು ಹೊಸ ಪಂಚೆ ಉಟ್ಟು ಹೊರಟೆ.

"ನೋಡಿ ಅಂದವ್ನೆ, ಮಾತಾಡಿ ಅಂದಿಲ್ಲ" ಎಂದಳು ಜೊತೆಗೆ ಹೊರಟ ನನ್ನ ಹೆಂಡತಿ ಕಾವೇರಮ್ಮ. (ನಾನು ಗಮನಿಸಲಿಲ್ಲ.)

ಅಲ್ಲಿ ಚನ್ನಪಟ್ಟಣದ ಸಾದಿಕ್ ಎಂಬ ಧ್ವನಿ ತಂತ್ರಜ್ಞ ಹಾಲ್‌ನ ನಡುವೆ ಮೈಕು ನೆಟ್ಟು, ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ. ಹಿಂದಿನ ದಿನ ಒಂದು ಚಿತ್ರ ಹಾಕಿ ನೋಡಿದಾಗ ನಾಯಕಿಯ ಅಳು ಕೇಳಿಸದೆ, ಸಬ್‌ವೂಫರ್ ಎಂಬ ದೊಡ್ಡ ಪೆಟ್ಟಿಗೆಯ ದುಡುಂ ದುಡುಂ ಮಾತ್ರ ಎದೆಗೆ ಗುದ್ದಿತ್ತಂತೆ.

"ಎಲ್ಲಾ ಸ್ಪೀಕರ್‌ದೂ ಕುಂತೋರ ಕಿವಿಗೆ ಸಮವಾಗಿ ಬರ್ಬೇಕು ಸಾರ್. ಆಮೇಲೆ ಸಬ್‌ವೂಫರ್‌ನ ಅದಕ್ಕೆ ಹೊಂದಿಸ್ಬೇಕು. ಮಧ್ಯಾಹ್ನ ನಂಗೆ ಮಾಗಡೀಲಿ ಬೇರೆ ಕೆಲ್ಸ ಐತೆ" ಎಂದ.

ಅಷ್ಟರೊಳಗೆ ಮುಗಿಯದಿದ್ದರೆ ಊರಿನವರೆಲ್ಲ ಬರುವ ಮೊದಲ ಆಟಕ್ಕೆ ದುಡುಮ್ಮೇ ಗತಿ. ಅನಂತರಾಜುವಿನ ಮುಖ ಬಾಡಿತ್ತು.

ಆಗ ನನಗೊಂದು ದಿವ್ಯಾಲೋಚನೆ ಹೊಳೆಯಿತು. ಖಾಲಿ ತರಗತಿ ಪ್ರತಿಧ್ವನಿಸುತ್ತದೆ. ಮಕ್ಕಳು ತುಂಬಿದರೆ ಇಲ್ಲ. "ಜನರನ್ನು ಕೂರಿಸಿಯೇ ಅಳೆಯಬೇಕು!" ಎಂದು ಘೋಷಿಸಿದೆ.

"ಖಾಲಿ ಇದ್ರೇನೆ ಸಲೀಸು ಸಾರ್. ಜನ ತುಂಬಿದ್ಮೇಲೆ ಸದ್ದು ಎಷ್ಟು ಬದಲಾಯ್ತದೆ ಅಂತ ನಮ್ಮ ಹತ್ರ ಲೆಕ್ಕ..."

"ಭಾವ ಹೇಳವ್ರೆ ಅಂದ್ಮೇಲೆ ಆಯ್ತು ಬುಡಪ್ಪ" ಎಂದ ಅನಂತರಾಜು.

ಕೃತಜ್ಞತೆಯಿಂದ ನನ್ನ ಕಂಠ ಬಿಗಿಯಿತು. (ಪೂರ್ತಿ ಬಿಗಿದಿದ್ದರೆ ಎಲ್ಲರಿಗೂ ಕ್ಷೇಮವಾಗಿತ್ತು.)

ಪೂಜೆಗೆಂದು ಕೋಡಿಹಳ್ಳಿಯಿಂದ ಟೆಂಪೋದಲ್ಲಿ ಬಂದಿದ್ದ ಬಂಧುಬಳಗವೆಲ್ಲ ಕುರ್ಚಿಗಳನ್ನು ತುಂಬಿತು. ಮುಂದಿನ ಸಾಲಿನಲ್ಲಿ ಅತ್ತೆ ದೊಡ್ಡಲಕ್ಷ್ಮಮ್ಮ, ದವಡೆಯಲ್ಲಿ ಎಲೆ ಅಡಿಕೆ. "ಮೊದ್ಲು ಹಾಲ್ ಸುಮ್ನಿದ್ದಾಗ ಎಷ್ಟು ಸದ್ದೈತೆ ಅಂತ ಅಳೀತೀನಿ, ಯಾರೂ ಮಾತಾಡ್ಬೇಡಿ" ಎಂದ ಸಾದಿಕ್. ನಿಶ್ಶಬ್ದ ಖಾತೆಯನ್ನು ನಾನೇ ವಹಿಸಿಕೊಂಡೆ.

ಒಂದು ಬಳೆ ಕಿಣಿ ಎಂದಿತು. "ಯಾರದು ಬಳೆ?" ಎಂದೆ. ಯಾರೋ ಕೆಮ್ಮಿದರು. "ಕೆಮ್ಮುವವರು ಹೊರಗೆ ಹೋಗಿ ಕೆಮ್ಮಿ ಬರತಕ್ಕದ್ದು!" ಎಂದೆ. ಸಾದಿಕ್ ಮೊದಲಿನಿಂದ ಶುರು ಮಾಡಿದ. ಎಡಗಡೆಯ ಸ್ಪೀಕರಿನಿಂದ 'ಶ್‌ಶ್‌ಶ್' ಎಂದು ಪರೀಕ್ಷೆಯ ಸದ್ದು ಹೊರಟಾಗ, ಯಂತ್ರವೂ ನನ್ನ ಪಕ್ಷವೇ ಎಂದು ಹಿಗ್ಗಿ, "ಕೇಳಿದಿರಾ? ಅದೂ ಅದನ್ನೇ ಹೇಳುತ್ತಿದೆ!" ಎಂದೆ.

ಮತ್ತೆ ಮೊದಲಿನಿಂದ.

ಕೊನೆಗೆ ಅನಂತರಾಜು ತಲೆಯ ಮೇಲೆ ಕೈಹೊತ್ತು, "ಯಾರ್ಲಾ ಅದು ಗಲಾಟೆ ಮಾಡ್ತಿರೋದು? ತೋರ್ಸು ಸಾದಿಕ್, ಟೆಂಪೋ ಹತ್ತಿಸ್ಬುಡ್ತೀನಿ" ಎಂದು ಗದರಿದ.

ಸಾದಿಕ್ ಸಂಕೋಚದಿಂದ ಲ್ಯಾಪ್‌ಟಾಪ್ ತಿರುಗಿಸಿದ. ಪರದೆಯ ತುಂಬ ಏರಿಳಿಯುವ ಒಂದು ಗೆರೆ. "ಈ ಸಣ್ಣ ಉಬ್ಬು ಬಳೆ. ಇದು ಕೆಮ್ಮು." ಅವುಗಳ ನಡುನಡುವೆ ಕಬ್ಬಾಳದುರ್ಗದ ಬೆಟ್ಟದಂತೆ ಎದ್ದ ಶಿಖರಗಳು. "ಇವು..." ಎಂದು ತಲೆ ಕೆರೆದುಕೊಂಡ.

"ಅಳಿಯಂದ್ರು" ಎಂದರು ಅತ್ತೆ, ಎಲೆ ಅಡಿಕೆಯ ಸಂದಿಯಿಂದ.

ಹಾಲ್‌ಗೆ ಹಾಲೇ ನಕ್ಕಿತು. ಅನಂತರಾಜು ಮಾತ್ರ ನಗಲಿಲ್ಲ. ಹೊರಗೆ ಬಾಗಿಲ ಬಳಿ ಕುರ್ಚಿ ಹಾಕಿಸಿ, "ಭಾವ, ಯಾರೂ ಒಳಿಕ್ಕೆ ಬರ್ದಂಗೆ ನೋಡ್ಕಳ್ಳಿ. ನಿಮ್ಮನ್ನ ಬುಟ್ರೆ ಯಾರ್ ಮಾತೂ ಕೇಳಲ್ಲ ಜನ" ಎಂದ. ಹೊರಗಟ್ಟುವಾಗಲೂ ಒಂದು ಹುದ್ದೆ ಕೊಟ್ಟು ಅಟ್ಟಿದ ಮಹಾನುಭಾವ! ಎಲ್ಲರಿಗೂ ಇಂಥ ಭಾವಮೈದ ಸಿಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಕಾವೇರಮ್ಮನೂ ಬಂದು ಮೆಟ್ಟಿಲ ಮೇಲೆ ಕುಳಿತಳು. ತಂಪು ಹಾಲ್ ಬಿಟ್ಟು ನನಗಾಗಿ ಬಿಸಿಲಿಗೆ ಬಂದಳಲ್ಲ ಎಂದು ನನ್ನ ಕಣ್ಣು ತೇವವಾಯಿತು.

"ನಿಮಗೋಸ್ಕರ ಅಲ್ಲ. ವೈರ್ ಹಾದೈತೆ ಅಂತ ಬಾಗ್ಲು ಪೂರ್ತಿ ಹಾಕಿಲ್ಲ. ನೀವು ಬಾಯಿ ತೆರೀದಂಗೆ ನೋಡ್ಕೊ ಅಂತ ಅನಂತು ಕಳಿಸ್ದ."

ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳಿಗೆ ಏನನಿಸಿತೋ, ಮೆಲ್ಲಗೆ ಮಾತು ಶುರು ಮಾಡಿದಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಇದೇ ಗೋದಾಮಿಗೆ ಗೂಡು ತಂದದ್ದು, ಯಾರೂ ಕಾಣದಂತೆ ತಕ್ಕಡಿಯಲ್ಲಿ ತಾನೇ ಕುಳಿತು ತೂಗಿಸಿಕೊಂಡದ್ದು, ಅನಂತುವನ್ನು ಸೊಂಟದ ಮೇಲಿಟ್ಟುಕೊಂಡು ಟೆಂಟ್ ಸಿನಿಮಾಕ್ಕೆ ನುಸುಳಿದ್ದು... ನನ್ನ ತಿದ್ದುಪಡಿಯಿಲ್ಲದೆ ಅವಳ ವಾಕ್ಯವೊಂದು ಪೂರ್ಣವಿರಾಮದವರೆಗೆ ಸಾಗಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ನನ್ನ ಹೆಂಡತಿ! ಟೆಂಟಿನವನು ಅಟ್ಟಿಸಿಕೊಂಡು ಬಂದ ಘಟ್ಟಕ್ಕೆ ಬಂದಾಗ ಅವಳ ದನಿ ಏರಿತು. ಅವನು ಕೂಗಿದಂತೆಯೇ ಕೂಗಿ ತೋರಿಸಿದಳು.

ಬಾಗಿಲು ಸರಿಯಿತು. ಸಾದಿಕ್ ತಲೆ ಹೊರಗೆ ಹಾಕಿದ.

"ಸ್ಪೀಕರ್ ಎಲ್ಲಾ ಸಮ ಆದೋ ಸಾರ್. ಸಬ್‌ವೂಫರ್ ಒಂದೇ ಬಾಕಿ, ಇನ್ನೊಂದು ಗಳಿಗೆ ಸುಮ್ನಿದ್ರೆ ಮುಗೀತದೆ. ಆದ್ರೆ ಇಲ್ಲಿಂದ ಕೂಗು ಬತ್ತಾ ಐತೆ. ಯಾರದು?"

ಕಾವೇರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗೆ ಅವಳ ತವರಿಗೆ ತವರೇ ಕಿವಿ ನಿಮಿರಿಸಿ ಕುಳಿತಿತ್ತು.

ಹೊರಗೆ ಬಂದಾಗಿನಿಂದ ಒಂದಕ್ಷರವನ್ನೂ ಉಚ್ಚರಿಸದಿದ್ದ ನಾನು ಎದ್ದು, ಕೊನೆಯ ಬೆಂಚಿನ ಹುಡುಗನಂತೆ ಕೈಕಟ್ಟಿ ನಿಂತು, "ನಾನೇ" ಎಂದೆ.

ಒಳಗಿನಿಂದ ಅತ್ತೆಯ ದನಿ ಕೇಳಿಸಿತು:

"ಇನ್ಯಾರು!"