ನಾನು ಕಲಿಸಿದ ಒಡಪು

ನಮ್ಮ ಕಡೆ ಹೊಸ ಸೊಸೆ ಸುಮ್ಮನೆ ಮನೆಯೊಳಗೆ ಬರುವಂತಿಲ್ಲ. ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಅವಳು ಪ್ರಾಸ ಕೂಡಿಸಿದ ಒಡಪು ಹಾಕಿ ಗಂಡನ ಹೆಸರು ಹೇಳಬೇಕು, ಆಮೇಲೆ ಹೊಸ್ತಿಲು ದಾಟಬೇಕು. ಒಡಪು ಕಲಿಸುವುದರಲ್ಲಿ ಕೊಪ್ಪಳದ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಬವಲ್ಲ, ನನ್ನ ಅಭಿಪ್ರಾಯ.

ಮೊಮ್ಮಗ ಮಂಜುನಾಥ ಮೆಚ್ಚಿದ್ದು ಕರ್ನೂಲಿನ ಹುಡುಗಿಯನ್ನು. ಹೆಸರು ಲಾವಣ್ಯ. ತೆಲುಗು ಬಿಟ್ಟರೆ ಕನ್ನಡದ ಗಂಧ ಇಲ್ಲ. ಅಳವಂಡಿಯ ನನ್ನ ನಾದಿನಿ ಗೌರಮ್ಮ ಮೊದಲೇ ಸಾರಿಬಿಟ್ಟಳು: "ವೈನಿ, ಒಡಪಿನಾಗ ಒಂದು ಅಕ್ಷರ ತಪ್ಪಿದ್ರೂ ನಾ ಬಾಗಲಾ ಬಿಡಾಂಗಿಲ್ರಿ!"

"ತಪ್ಪಿದ್ರ ನನಗ ಬ್ಯಾರೆ ಹೆಸರಿಡು ಗೌರಿ," ಎಂದೆ.

ಮೊಮ್ಮಗ ಮೆಲ್ಲಗೆ ಹೇಳಿದ. "ಅಜ್ಜಿ, ಆಕೀಗೆ ಎಡಿಎಚ್‌ಡಿ ಐತಿ ಅಂತ ಡಾಕ್ಟರ್ ಹೇಳ್ಯಾರ. ಮಾತು, ಫ್ಯಾನು, ಕುಕ್ಕರ್ ಎಲ್ಲಾ ಒಮ್ಮಿಗೇ ಕಿವಿಗೆ ನುಗ್ಗತಾವಂತ. ಗೊತ್ತಿಲ್ಲದ ಭಾಷಾ ಆದ್ರಂತೂ ಏನು ಹಿಡೀಬೇಕು, ಏನು ಬಿಡಬೇಕು ತಿಳಿಯಂಗಿಲ್ಲ. ಆದ್ರ ಹಾಡಿನ ಧಾಟಿ ಸಿಕ್ಕರ ಸಾಕು, ಪೂರ್ತಿ ಹಿಡಕೊಂಡು ಬಿಡತಾಳ."

"ಲಕ್ಷ್ಯ ನಿಲ್ಲೂದಿಲ್ಲ ಅಂತೀ, ಹೌದಿಲ್ಲೊ? ಲಕ್ಷ್ಯ ಹೆಂಗ ಇಡಬೇಕಂತ ನಾ ತೋರಸ್ತೀನಿ. ತಾ ಫೋನು!"

ಅವನು ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ದನಿ ಹಿಡಿಯುವ ಗುಂಡಿ ಒತ್ತಿ ಹೊರಗೆ ಹೋದ. ನಾನು ಬೀಸುವ ಕಲ್ಲಿನ ಹಾಡಿನ ಧಾಟಿ ತೆಗೆದೆ. ಮೊದಲ ಸಾಲಿಗೆ ಹಾಲು ಉಕ್ಕಿತು. ಇಳಿಸಿದೆ. ಎರಡನೆಯ ಸಾಲಿಗೆ ನಾಯಿ ಒಳಗೆ ಬಂತು. ಓಡಿಸಿದೆ. ಯಜಮಾನರು ಹಜಾರದಿಂದ ಏನೋ ಕೇಳಿದರು. ಉತ್ತರ ಕೊಟ್ಟೆ. ಒಂದು ಸಲ ಕೆಮ್ಮಿದೆ. ಒಡಪು ಮುಗಿಸಿದೆ. ಬಾಯಿಗೆ ಹತ್ತಿದ ಧಾಟಿ ಬಿಡಬೇಕಲ್ಲ, ನಾಯಿಯನ್ನು ಬೈದದ್ದೂ ಅದೇ ರಾಗದಲ್ಲಿ!

"ಒಮ್ಮಿ ಕೇಳಿ ನೋಡ್ಲೇನು ಅಜ್ಜಿ?"

"ನನ್ನ ಕೆಲಸ ತಪಾಸ ಮಾಡತೀಯೇನು? ಕಳಸು!"

ಕಳಿಸಿದ. ಹುಡುಗಿ ಪಾತ್ರೆ ತಿಕ್ಕುವಾಗ, ಬಟ್ಟೆ ಒಣಹಾಕುವಾಗ ಅದನ್ನೇ ಹಾಡುತ್ತಿದ್ದಾಳೆಂದು ಸುದ್ದಿ ಬಂತು. ನಾನು ಓಣಿಯ ತುಂಬ ತಲೆ ಎತ್ತಿಕೊಂಡು ತಿರುಗಿದೆ.

ಮನೆ ತುಂಬಿಸುವ ದಿನ ಗೌರಮ್ಮ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಳು. ಲಾವಣ್ಯ ಕಣ್ಣು ಮುಚ್ಚಿ, ಇಂಪಾಗಿ ಎತ್ತಿಕೊಂಡಳು:

"ಕಿನ್ನಾಳ ಗೊಂಬಿಗೆ ಬಣ್ಣ ಛಂದ, ಅಯ್ಯಯ್ಯ ಹಾಲು ಉಕ್ಕೇತಿ!
ಹೊಸ್ತಿಲಿಗೆ ಅರಿಷಿಣ ಛಂದ, ಹಚಾ, ಹಚಾ, ನಿನ್ನ ಹೆಣಾ ಎತ್ತ!
ಗೌರಿ ಬರತಾಳ, ಉಂಡಿ ಡಬ್ಬಿ ಮುಚ್ಚಿಡ್ರಿ, ಒಂದೂ ಉಳಸಾಂಗಿಲ್ಲ ಆಕಿ!
ಬಾಗಲಾಗ ನಿಂತು ಹೇಳತೀನಿ, ಮಂಜುನಾಥರ ಹೆಸರು ನನಗ ಛಂದ."

ರಾಗ ಎಲ್ಲೂ ಕೆಡಲಿಲ್ಲ. ನನ್ನ ಕೆಮ್ಮು ಕೂಡ ತಾಳಕ್ಕೆ ಸರಿಯಾಗಿ ಬಂತು!

ಹೆಂಗಸರೆಲ್ಲ ನನ್ನನ್ನು ನೋಡಿದರು. ನಾನು ತೋರಣ ನೋಡಿದೆ. ಹುಡುಗಿ ಗಾಬರಿಯಿಂದ ಗಂಡನ ಕಿವಿಯಲ್ಲಿ ಏನೋ ಉಸುರಿದಳು.

"ಗೌರಜ್ಜಿ, ಎಲ್ಲಿ ತಪ್ಪಾತು ಅಂತ ಕೇಳಾಕತ್ಯಾಳ," ಎಂದ ಮಂಜುನಾಥ.

ಗೌರಮ್ಮ ಕೈ ಇಳಿಸಿದಳು. "ಒಂದು ಅಕ್ಷರಾನೂ ತಪ್ಪಿಲ್ಲ. ಥೇಟ್ ನಮ್ಮ ವೈನೀನ! ಬಾರವ್ವಾ ನನ್ನ ತಾಯಿ, ಒಳಗ ಬಾ." ಆಮೇಲೆ ನನ್ನ ಕಡೆ ತಿರುಗಿದಳು. "ವೈನಿ, ನೀವು ಹೊರಗ ನಿಲ್ರಿ."

ನಿಂತೆ. ಪಕ್ಕದಲ್ಲಿ ಯಜಮಾನರು ಮೀಸೆಯಲ್ಲೇ ನಗುತ್ತಿದ್ದರು. "ಲಕ್ಷ್ಯ ತೋರಸ್ತೀನಿ ಅಂದಿದ್ದೆಲ್ಲ? ನಿನ್ನ ಲಕ್ಷ್ಯ ಎಲ್ಲೆಲ್ಲಿ ಹೋಗಿತ್ತೋ ಅಷ್ಟನ್ನೂ ಆಕಿ ಲಕ್ಷ್ಯಗೊಟ್ಟು ಕಲ್ತಾಳ ನೋಡು!"

ಸಂಜೆ ಗೌರಮ್ಮನನ್ನು ಒಲಿಸಲು ಉಂಡಿಯ ಡಬ್ಬಿಯನ್ನೇ ಚೀಲದಲ್ಲಿಟ್ಟು ಕೊಟ್ಟು, ಅಳವಂಡಿಯ ಬಸ್ಸು ಹತ್ತಿಸಿ ಬಂದೆ. ಅಡುಗೆಮನೆಗೆ ಬಂದರೆ ಕಟ್ಟೆಯ ಮೇಲೆ ಏನೋ ಹೊಳೆಯುತ್ತಿತ್ತು.

ಡಬ್ಬಿಯ ಮುಚ್ಚಳ!