ತೂಗುಬಂಡೆ ಖಾಯಂ ಆದದ್ದು

ಬೆಟ್ಟದ ನೆತ್ತಿಯಲ್ಲಿರುವ ತೂಗುಬಂಡೆಯು ತೂಗಾಡುತ್ತದೆ. ಇದು ಇಲಾಖೆಯ ದಾಖಲೆಯಲ್ಲಿರುವ ಸಂಗತಿಯಾದ್ದರಿಂದ ಇದರ ಬಗ್ಗೆ ಎರಡು ಮಾತಿಲ್ಲ. ವೀಕ್ಷಣೀಯ ನೈಸರ್ಗಿಕ ಸ್ಥಳಗಳ ಪಟ್ಟಿಯಲ್ಲಿ ಒಂದು ಜಲಪಾತ, ಎರಡು ಗುಹೆ ಮತ್ತು ಒಂದು ಕೊಳದ ನಂತರ ಕ್ರಮಸಂಖ್ಯೆ ಐದರಲ್ಲಿ ಈ ಬಂಡೆ ಬರುತ್ತದೆ. ಎದುರಿನ ಕಲಮಿನಲ್ಲಿ ‘ಸ್ವಭಾವ: ತೂಗಾಡುವುದು’ ಎಂದು ನಮೂದಾಗಿದೆ.

ಈ ಸ್ವಭಾವವನ್ನು ಸಾರ್ವಜನಿಕರಿಗೆ ತೋರಿಸಿಕೊಡಲು ಇಲಾಖೆಯು ಒಬ್ಬ ತೂಗುಸಹಾಯಕನನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡಿತ್ತು. ತಾತ್ಕಾಲಿಕವಾಗಿ ಎಂದರೆ ಹದಿನೇಳು ವರ್ಷಗಳಿಂದ.

ಮೂರು ಲಾರಿಗಳನ್ನು ಒಂದರ ಮೇಲೊಂದು ಪೇರಿಸಿದಷ್ಟು ದೊಡ್ಡ ಬಂಡೆ. ಕೆಳಗಿನ ಹಾಸುಗಲ್ಲಿನ ಮೇಲೆ ಅದು ಕೂತಿದ್ದ ಜಾಗ ಮಾತ್ರ ಒಂದು ಮೊರದಗಲ. ಎಲ್ಲೆಂದರಲ್ಲಿ ತಳ್ಳಿದರೆ ಹತ್ತು ಜನ ಸೇರಿದರೂ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಉತ್ತರದ ಮಗ್ಗುಲಲ್ಲಿ ಎದೆಮಟ್ಟಕ್ಕೆ ಒಂದು ಸಣ್ಣ ಉಬ್ಬು ಇತ್ತು. ಅಲ್ಲಿ ಅಂಗೈ ಇಟ್ಟು, ಮಗು ಮಲಗಿರುವ ಕೋಣೆಯ ಬಾಗಿಲು ತಳ್ಳುವಷ್ಟು ಮೆತ್ತಗೆ ತಳ್ಳಬೇಕು, ಬಿಡಬೇಕು, ಉಸಿರು ನೋಡಿಕೊಂಡು ಮತ್ತೆ ತಳ್ಳಬೇಕು. ಮೂರನೆಯ ಸಲಕ್ಕೆ ಬಂಡೆ ಒಪ್ಪಿಕೊಳ್ಳುತ್ತಿತ್ತು. ಅದರ ಮೈಯಲ್ಲಿ ಕೈಗೆಟುಕುವ ಒಂದು ಅಂಚಿನಲ್ಲಿ ಸಹಾಯಕ ಅಂಚುಮಟ್ಟ ನೀರು ತುಂಬಿದ ಸ್ಟೀಲ್ ಲೋಟ ಇಟ್ಟಿರುತ್ತಿದ್ದ. ನೀರು ಒಂದು ಕಡೆಗೆ ವಾಲಿ ತುಳುಕಿದಾಗ, ನಾಲ್ಕು ಕಿಲೋಮೀಟರ್ ಏರಿ ಏದುಸಿರು ಬಿಡುತ್ತಿದ್ದ ಚಾರಣಿಗರೆಲ್ಲ ‘ಓ’ ಎನ್ನುತ್ತಿದ್ದರು. ಆ ‘ಓ’ ಕೇಳಿ ಅವನಿಗೆ ಒಂದು ದಿನವೂ ಸಾಕು ಅನ್ನಿಸಿರಲಿಲ್ಲ.

ಸಾಕು ಅನ್ನಿಸಿದ್ದು ಹೆಂಡತಿಗೆ. ಮಧ್ಯಾಹ್ನ ಬುತ್ತಿ ಹೊತ್ತು ಬೆಟ್ಟ ಹತ್ತುತ್ತಿದ್ದವಳು ಅವಳೇ.

“ಈ ಬಂಡೆಗೂ ಒಂದು ಕಡೆ ನಿಲ್ಲೋ ಬುದ್ಧಿ ಇಲ್ಲ, ನಿಮ್ಮ ಕೆಲಸಕ್ಕೂ ಇಲ್ಲ,” ಎಂದು ಗಂಟು ಬಿಚ್ಚುತ್ತ ಅನ್ನುತ್ತಿದ್ದಳು. “ನಾಳೆ ಬರಬೇಡ ಅಂದ್ರೆ ಏನು ಮಾಡ್ತೀರಿ? ಮನೆಯಲ್ಲಿ ಕೂತು ನನ್ನನ್ನ ತಳ್ತೀರಾ?”

“ನೀನು ಮೂರನೇ ಸಲಕ್ಕೂ ಒಪ್ಪಲ್ಲ ಬಿಡೇ.”

ಈ ವರ್ಷ ಅವನನ್ನು ಖಾಯಂಗೊಳಿಸುವ ಕಡತ ಕೊನೆಗೂ ಅಲುಗಿತು. ಷರತ್ತು ಒಂದೇ: ಮೂವರ ಸಮಿತಿಯೊಂದು ಬೆಟ್ಟಕ್ಕೆ ಬಂದು, ಸಹಾಯಕನು ಬಂಡೆಯನ್ನು ತೂಗಾಡಿಸುವುದನ್ನು ಕಣ್ಣಾರೆ ಕಂಡು ಸಹಿ ಹಾಕಬೇಕು. ತೂಗಾಡದಿದ್ದಲ್ಲಿ ಹುದ್ದೆಯು ತಂತಾನೇ ರದ್ದಾಗತಕ್ಕದ್ದು. ಸಹಾಯಕನಿಗೆ ಇದರಲ್ಲಿ ಅಂಥ ಕಷ್ಟವೇನೂ ಕಾಣಲಿಲ್ಲ.

ಸಮಿತಿ ಬರಲು ಇಪ್ಪತ್ತು ದಿನ ಇದ್ದಾಗ ಇಲಾಖೆಯ ಸುರಕ್ಷತಾ ವಿಭಾಗದವರು ಬಂದರು. ಇವರು ಸಹಾಯಕನ ಕಚೇರಿ ಇದ್ದ ಕಟ್ಟಡದ್ದೇ ಮೇಲಿನ ಮಹಡಿಯವರು. ಅವರ ಎಂಜಿನಿಯರು ಬಂಡೆಯನ್ನು ಪರಿಶೀಲಿಸಿ ಹೀಗೆ ವರದಿ ಬರೆದಿದ್ದರು: “ಸದರಿ ಬಂಡೆಯು ಚಲಿಸುತ್ತಿರುವುದು ಗಮನಕ್ಕೆ ಬಂದಿದೆ. ಇಷ್ಟು ವರ್ಷ ಇದು ಯಾರ ಗಮನಕ್ಕೂ ಬಾರದಿರುವುದು ವಿಷಾದನೀಯ.” ವರದಿಯ ಹಿಂದೆಯೇ ಹನ್ನೊಂದು ಮೂಟೆ ಸಿಮೆಂಟು, ಕಬ್ಬಿಣದ ಸರಳು, ಒಬ್ಬ ಮೇಸ್ತ್ರಿ ಬೆಟ್ಟ ಹತ್ತಿದರು.

“ಮೇಸ್ತ್ರಿ, ಇದು ಅಲ್ಲಾಡೋಕೆ ಅಂತಲೇ ಇರೋ ಬಂಡೆ,” ಎಂದ ಸಹಾಯಕ.

“ಅದಕ್ಕೇ ಅಲ್ವೇನಣ್ಣ ನಾವು ಬಂದಿರೋದು. ಅಲ್ಲಾಡದೆ ಇದ್ದಿದ್ರೆ ಯಾಕೆ ಬರ್ತಿದ್ವಿ? ಸ್ವಲ್ಪ ಆ ಕಡೆ ನಿಂತ್ಕೋ, ಕಾಲ ಮೇಲೆ ಬಿದ್ದೀತು.”

ಎರಡು ದಿನದಲ್ಲಿ ಕೆಲಸ ಮುಗಿಯಿತು. ಉತ್ತರದ ಉಬ್ಬಿನ ಪಕ್ಕದಲ್ಲೇ ಒಂದು ಫಲಕ ನೆಟ್ಟರು:

‘ಸಾರ್ವಜನಿಕರ ಹಿತದೃಷ್ಟಿಯಿಂದ ಈ ಬಂಡೆಯನ್ನು ಸ್ಥಿರಗೊಳಿಸಲಾಗಿದೆ. ತೂಗಾಡುವುದನ್ನು ನೋಡಬಯಸುವವರು ಸಾಲಿನಲ್ಲಿ ಬರತಕ್ಕದ್ದು.’

ಅವರೆಲ್ಲ ಇಳಿದು ಹೋದ ಮೇಲೆ ಸಹಾಯಕ ಅಂಗೈ ಇಟ್ಟು ಮೂರು ಸಲ ತಳ್ಳಿದ. ಮೂವತ್ತು ಸಲ ತಳ್ಳಿದ. ಲೋಟದ ನೀರಿನಲ್ಲಿ ಆಕಾಶ ಹಾಗೇ ನಿಂತಿತ್ತು.

ಮರುದಿನ ಅವನು ಕೆಳಗಿನ ಕಚೇರಿಗೆ ಹೋದ. ಅವನ ಮೇಲ್ವಿಚಾರಕರು ನೆಲಮಹಡಿಯಲ್ಲಿ, ಕಟ್ಟು ಬಿಚ್ಚದ ಕರಪತ್ರಗಳ ರಾಶಿಯ ಹಿಂದೆ ಕೂತು ಟೀ ಆರಿಸಿಕೊಳ್ಳುತ್ತಿದ್ದರು.

“ಅಲ್ಲಾಡ್ತಿಲ್ಲ ಸಾರ್. ಸಿಮೆಂಟ್ ಹಾಕಿ ಬಿಗಿದಿದ್ದಾರೆ.”

ಮೇಲ್ವಿಚಾರಕರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಬೆರಳಿನಿಂದ ಚಾವಣಿ ತೋರಿಸಿದರು. “ನೋಡಪ್ಪಾ, ಮೇಲಿನವರು ಅದು ಅಲ್ಲಾಡಲ್ಲ ಅಂತ ಸರ್ಟಿಫಿಕೇಟ್ ಕೊಟ್ಟಾಗಿದೆ. ನಾವು ಅಲ್ಲಾಡುತ್ತೆ ಅಂತ ಟಿಕೆಟ್ ಕೊಡ್ತಿದ್ದೀವಿ. ಇಬ್ಬರೂ ಅವರವರ ಕೆಲಸ ಸರಿಯಾಗೇ ಮಾಡ್ತಿದ್ದೀವಿ. ಮಧ್ಯದಲ್ಲಿ ನೀನು ಬಂದು ಇಲ್ಲ ಅಂದ್ರೆ ಹೇಗೆ?”

“ಸಿಮೆಂಟು ಒಡೆಸಿಬಿಡಿ ಸಾರ್.”

“ಒಡೆಸಿದ್ರೆ ಬಂಡೆ ಅಪಾಯಕಾರಿ ಆಗುತ್ತೆ, ಮುಚ್ಚಬೇಕಾಗುತ್ತೆ. ಒಡೆಸದೆ ನೀನು ಅಲ್ಲಾಡಲ್ಲ ಅಂದ್ರೆ, ಅಲ್ಲಾಡದ ಬಂಡೆಗೆ ಅಲ್ಲಾಡಿಸೋನು ಯಾಕೆ ಅಂತ ಕೇಳ್ತಾರೆ. ಎರಡರಲ್ಲೂ ಮನೆಗೆ ಹೋಗೋನು ನೀನೇ.” ಅವರು ಒಂದು ದಪ್ಪ ಪುಸ್ತಕವನ್ನು ಅವನ ಕಡೆ ಸರಿಸಿದರು. “ಇವತ್ತಿನಿಂದ ಇದರಲ್ಲಿ ದಿನಾ ಬರಿ.”

ಅದು ತೂಗಾಟದ ದಾಖಲೆ ಪುಸ್ತಕ. ದಿನಾಂಕ, ತಳ್ಳಿದ ಸಲ, ತೂಗಾಡಿದ ಸಲ, ಸಹಿ ಎಂದು ನಾಲ್ಕು ಕಲಂ.

“ತೂಗಾಡದ ಸಲ ಅಂತ ಕಲಂ ಇಲ್ಲವಲ್ಲ ಸಾರ್?”

“ಅಂಥದ್ದು ಇದುವರೆಗೆ ವರದಿಯಾಗಿಲ್ಲ,” ಎಂದರು ಮೇಲ್ವಿಚಾರಕರು. ಟೀ ಆರಿತ್ತು.

ಮೊದಲ ದಿನ ಬಂದ ಪ್ರವಾಸಿಗರು ಗಂಡ ಹೆಂಡತಿ. ಗಂಡನಿಗೆ ದಾರಿಯಲ್ಲೇ ಮಂಡಿ ಹಿಡಿದುಕೊಂಡಿತ್ತು. ಆದರೂ ತಾನೇ ತಳ್ಳುತ್ತೇನೆಂದು ಹೋಗಿ ಕೈಯಿಟ್ಟ. ಸಹಾಯಕ ಲೋಟ ಇಟ್ಟು ದೂರ ನಿಂತ. ಗಂಡ ತಳ್ಳಿದ, ಹಿಂದೆ ತಿರುಗಿ ಏರಿ ಬಂದ ದಾರಿ ನೋಡಿದ, ಮಂಡಿ ಸವರಿಕೊಂಡ.

“ಹೂಂ. ಅಲ್ಲಾಡಿತು,” ಎಂದ.

“ಎಲ್ಲಿ? ನನಗೇನೂ ಕಾಣಲಿಲ್ಲ.”

“ನೀನು ಫೋನ್ ನೋಡ್ಕೊಂಡು ನಿಂತಿದ್ದರೆ ಎಲ್ಲಿಂದ ಕಾಣುತ್ತೆ?”

“ಹಾಗಾದ್ರೆ ಇನ್ನೊಂದು ಸಲ ತಳ್ಳಿ,” ಎಂದಳು. ತಳ್ಳಿದ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಕೆಳಗೆ, ಸಾಸಿವೆಯಷ್ಟು ಸಣ್ಣದಾಗಿ, ಅವರ ಬಸ್ಸು ಕಾಣುತ್ತಿತ್ತು. “ಹೌದು ಕಣ್ರೀ,” ಎಂದಳು.

ಸಹಾಯಕನಿಗೆ ಆಶ್ಚರ್ಯವಾಯಿತು. ಆಮೇಲಾಮೇಲೆ ಆಗಲಿಲ್ಲ. ಬೆಟ್ಟ ಹತ್ತಿ ಸುಸ್ತಾದಷ್ಟೂ ಜನರಿಗೆ ಬಂಡೆ ಹೆಚ್ಚು ಅಲ್ಲಾಡುತ್ತಿತ್ತು. ಕಾಲು ಉಳುಕಿಸಿಕೊಂಡು ಬಂದ ದಪ್ಪನೆಯ ಅಂಗಡಿಯವರೊಬ್ಬರಂತೂ ಬಂಡೆ ತಮ್ಮ ಮೇಲೆಯೇ ಬೀಳುತ್ತದೆಂದು ಹೆದರಿ ಓಡಿದರು.

ಇಲ್ಲ ಎಂದವರು ಒಬ್ಬರೇ. ನಿವೃತ್ತ ಗಣಿತದ ಮೇಷ್ಟ್ರು. ಅವರು ಲೋಟದ ಮುಂದೆ ಮೂಗಿಟ್ಟು ಅರ್ಧ ಗಂಟೆ ಕೂತು, ‘ಬಂಡೆಯು ಕಿಂಚಿತ್ತೂ ಚಲಿಸುವುದಿಲ್ಲ’ ಎಂದು ದೂರು ಬರೆದು ಹೋದರು. ಹತ್ತೇ ದಿನದಲ್ಲಿ ಅವರಿಗೆ ಉತ್ತರ ಹೋಯಿತು: “ತಮ್ಮ ದೂರನ್ನು ಪರಿಶೀಲಿಸಲಾಗಿ, ಸದರಿ ದಿನದಂದು ಬಂಡೆಯು ಅರವತ್ತೆರಡು ಸಲ ತೂಗಾಡಿರುವುದು ದಾಖಲೆಯಿಂದ ದೃಢಪಟ್ಟಿದೆ. ತಮ್ಮ ತಳ್ಳುವಿಕೆಯು ನಿಗದಿತ ಮಟ್ಟದಲ್ಲಿ ಇರಲಿಲ್ಲವೆಂದು ತಿಳಿಯಲಾಗಿದೆ. ಮರುತಳ್ಳುವಿಕೆಗೆ ಅವಕಾಶವಿದೆ.”

ಅರವತ್ತೆರಡು ಎಂದು ಬರೆದವನು ಸಹಾಯಕನೇ. ಆ ದಿನ ಪೆನ್ನು ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದ. ಸೊನ್ನೆ ಬರೆಯಲು ಕೈ ಬರಲಿಲ್ಲ. ಅರವತ್ತು ಎಂದರೆ ಸುಮ್ಮನೆ ಬರೆದ ಹಾಗಿರುತ್ತದೆಂದು ಎರಡು ಸೇರಿಸಿದ.

ಸಮಿತಿ ಹೇಳಿದ ದಿನಕ್ಕೇ ಬಂತು. ಅಧ್ಯಕ್ಷರು, ಆಡಳಿತದ ಮೇಡಂ, ಮತ್ತು ಬಂಡೆಯನ್ನು ಬಿಗಿಸಿದ ಅದೇ ಸುರಕ್ಷತಾ ಎಂಜಿನಿಯರು. ಅಧ್ಯಕ್ಷರು ಕೊನೆಯ ಮೆಟ್ಟಿಲ ಹೊತ್ತಿಗೆ ಕೆಂಪಗಾಗಿ, ಬಂಡೆಯ ಎದುರು ಧೊಪ್ಪನೆ ಕೂತರು. ಹೆಂಡತಿ ಬುತ್ತಿ ಹಿಡಿದು ಪೊದೆಯ ಬಳಿ ನಿಂತಿದ್ದಳು.

ಸಹಾಯಕ ಲೋಟ ತುಂಬಿಸಿಟ್ಟ. ಉಬ್ಬಿನ ಮೇಲೆ ಅಂಗೈ ಇಟ್ಟು ಒಂದು ಸಲ, ಎರಡು ಸಲ, ಮೂರು ಸಲ ತಳ್ಳಿದ. ನೀರು ನೆಟ್ಟಗಿತ್ತು.

“ಅಬ್ಬಬ್ಬಾ, ಏನು ತೂಗಾಟ!” ಎಂದರು ಅಧ್ಯಕ್ಷರು, ನೆಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. “ನಿಲ್ಲಿಸಪ್ಪಾ, ಸಾಕು.”

“ಸಾಧ್ಯವೇ ಇಲ್ಲ ಸಾರ್,” ಎಂದರು ಎಂಜಿನಿಯರು. “ಅದು ಸ್ಥಿರವಾಗಿದೆ ಅಂತ ನಾನೇ ಸಹಿ ಹಾಕಿದ್ದೀನಿ.”

“ಹಾಗಾದ್ರೆ ನನ್ನ ಕಣ್ಣು ಸುಳ್ಳು ಹೇಳುತ್ತೇನ್ರೀ?”

“ನನ್ನ ಸಹಿ ಸುಳ್ಳು ಹೇಳುತ್ತಾ ಸಾರ್?”

ಇಬ್ಬರೂ ಸಹಾಯಕನ ಕಡೆ ತಿರುಗಿದರು. “ಹದಿನೇಳು ವರ್ಷದ ಅನುಭವಸ್ಥ ನೀನು. ನೀನೇ ಹೇಳು. ಅಲ್ಲಾಡಿತೋ ಇಲ್ವೋ?”

ಅವನು ಲೋಟ ನೋಡಿದ. ಪೊದೆಯ ಕಡೆ ನೋಡಿದ. ಹೆಂಡತಿ ಬುತ್ತಿಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

“ಪುಸ್ತಕದಲ್ಲಿ ಬರೆದಿದೆ ಸಾರ್,” ಎಂದ.

“ಪುಸ್ತಕ ಹಾಗಿರಲಿ. ಬಾಯಲ್ಲಿ ಹೇಳು.”

“ಅಲ್ಲಾಡುತ್ತೆ ಸಾರ್,” ಎಂದ. ಬಂಡೆಯ ಮೇಲಿದ್ದ ಕೈಯನ್ನು ತೆಗೆದು ಪ್ಯಾಂಟಿಗೆ ಒರೆಸಿಕೊಂಡ.

ಆಡಳಿತದ ಮೇಡಂ ಇಷ್ಟು ಹೊತ್ತೂ ಬರೆಯುತ್ತಿದ್ದವರು ಓದಿ ಹೇಳಿದರು: “ಬಂಡೆಯು ಸಂಪೂರ್ಣ ಸ್ಥಿರವಾಗಿದ್ದು, ಸಮರ್ಪಕವಾಗಿ ತೂಗಾಡುತ್ತಿರುವುದು ಕಂಡುಬಂದಿದೆ.” ಇದರಲ್ಲಿ ಯಾರಿಗೂ ತಕರಾರು ಕಾಣಲಿಲ್ಲ. ಮೂವರೂ ಸಹಿ ಹಾಕಿದರು. ಖಾಯಂ ಆದೇಶ ತಿಂಗಳೊಳಗೆ ಕೈಸೇರಿತು.

ಆದೇಶದ ಜೊತೆ ಖಾಯಂ ನೌಕರರ ನಿಯಮಗಳೂ ಬಂದವು. ಹದಿನಾಲ್ಕನೆಯದು ಹೀಗಿತ್ತು: “ತನ್ನ ವ್ಯಾಪ್ತಿಯಲ್ಲಿ ಯಾವುದೇ ನೈಸರ್ಗಿಕ ವಸ್ತು ಚಲಿಸುತ್ತಿರುವುದು ಕಂಡಲ್ಲಿ ನೌಕರನು ಇಪ್ಪತ್ತನಾಲ್ಕು ಗಂಟೆಯೊಳಗೆ ವರದಿ ಮಾಡತಕ್ಕದ್ದು. ನೀರು, ಗಾಳಿ ಹಾಗೂ ಮೋಡಗಳ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.”

ಖಾಯಂ ಆದ ಮೇಲೆ ಅವನು ಬುತ್ತಿಯನ್ನು ಅರ್ಧಕ್ಕೇ ಬಿಡತೊಡಗಿದ. ಹೆಂಡತಿ ಒಂದು ವಾರ ನೋಡಿದಳು. ಎಂಟನೆಯ ದಿನ, “ಬನ್ನಿ ಇಲ್ಲಿ,” ಎಂದು ಬೆಟ್ಟದ ಹಿಂಬದಿಯ ಇಳಿಜಾರಿಗೆ ಕರೆದುಕೊಂಡು ಹೋದಳು. ಅಲ್ಲಿ ಪೊದೆಗಳ ನಡುವೆ ಇನ್ನೊಂದು ಬಂಡೆ. ಚಿಕ್ಕದು, ಒಂದೇ ಲಾರಿಯಷ್ಟು.

“ಕೈ ಇಡಿ.”

ಇಟ್ಟ. ಎರಡನೆಯ ಸಲಕ್ಕೇ ಬಂಡೆ ತೂಗಿತು. ಅವನ ಅಂಗೈಗೆ ಹಳೆಯದೆಲ್ಲ ಒಮ್ಮೆಲೇ ನೆನಪಾಯಿತು. ‘ಓ’ ಎಂದು ಬಾಯಿಬಿಟ್ಟವನು ಅವನೇ.

“ಎಷ್ಟು ದಿನದಿಂದ ಗೊತ್ತಿತ್ತು ನಿನಗೆ?”

“ಹದಿನೇಳು ವರ್ಷದಿಂದ. ದಿನಾ ಈ ಕಡೆಯಿಂದಲೇ ಹತ್ತಿ ಬಂದು ಇದಕ್ಕೆ ಒರಗಿ ಸುಧಾರಿಸಿಕೊಂಡು ಆಮೇಲೆ ನಿಮ್ಮ ಹತ್ತಿರ ಬರ್ತಿದ್ದೆ. ನಿಮಗೆ ಬೈಯೋದನ್ನೆಲ್ಲ ಮೊದಲು ಇದಕ್ಕೇ ಬೈತಿದ್ದೆ. ಪಾಪ, ಹೂಂ ಹೂಂ ಅಂತ ತಲೆ ಆಡಿಸ್ತಿತ್ತು.”

ಇಬ್ಬರೂ ಬಂಡೆಗೆ ಒರಗಿ ಕೂತರು. ಅದು ಮೆಲ್ಲಗೆ ತೂಗಾಡುತ್ತಿತ್ತು.

“ನಾನೀಗ ಇದನ್ನ ವರದಿ ಮಾಡ್ಬೇಕು ಕಣೇ,” ಎಂದ ಅವನು. “ನಿಯಮ ಹದಿನಾಲ್ಕು.”

“ಮಾಡದಿದ್ರೆ?”

“ಯಾರಾದ್ರೂ ಚಾರಣಿಗರು ನೋಡಿ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ.”

“ಮಾಡಿದ್ರೆ?”

“ಸಿಮೆಂಟು ಹಾಕ್ತಾರೆ.”

ಅವಳು ಬಂಡೆಯ ಮೈಮೇಲೆ ಕೈಯಾಡಿಸಿದಳು. “ಹಾಕಿದ ಮೇಲೆ?”

“ಪಟ್ಟಿಯಲ್ಲಿ ಸೇರಿಸ್ತಾರೆ. ಕ್ರಮಸಂಖ್ಯೆ ಆರು. ಆಮೇಲೆ ಅದನ್ನ ಅಲ್ಲಾಡಿಸಿ ತೋರಿಸೋಕೆ ಒಬ್ಬರು ಬೇಕಾಗುತ್ತೆ.”

ಬಂಡೆ ಒಂದು ಸಲ ಆ ಕಡೆ ಹೋಗಿ ಈ ಕಡೆ ಬಂತು.

“ಅರ್ಜಿ ಎಲ್ಲಿ ಸಿಗುತ್ತೆ?” ಎಂದಳು.

ಈಗ ಬೆಟ್ಟದಲ್ಲಿ ಎರಡು ತೂಗುಬಂಡೆಗಳಿವೆ. ಎರಡೂ ಸ್ಥಿರವಾಗಿದ್ದು ಸಮರ್ಪಕವಾಗಿ ತೂಗಾಡುತ್ತಿವೆ. ಚಿಕ್ಕ ಬಂಡೆಯನ್ನು ಆರು ಮೂಟೆ ಸಿಮೆಂಟಿನಲ್ಲೇ ಬಿಗಿಸಿದ್ದಕ್ಕೆ ಎಂಜಿನಿಯರಿಗೆ ಪ್ರಶಂಸಾ ಪತ್ರ ಬಂದಿದೆ. ಗಣಿತದ ಮೇಷ್ಟ್ರು ಮರುತಳ್ಳುವಿಕೆಗೆಂದು ಎರಡು ಸಲ ಬಂದು ಹೋದರು. ಎರಡನೆಯ ಸಲ ಅವರಿಗೂ ಏನೋ ಅಲ್ಲಾಡಿದಂತಾಗಿ, ದೂರನ್ನು ವಾಪಸು ಪಡೆದರು.

ಮಧ್ಯಾಹ್ನ ತೂಗುಸಹಾಯಕಿ, ಅಂದರೆ ಹೆಂಡತಿ, ತನ್ನ ಪುಸ್ತಕ ಮತ್ತು ಬುತ್ತಿ ಹಿಡಿದು ಗಂಡನ ಬಂಡೆಯ ಬಳಿಗೆ ಬರುತ್ತಾಳೆ.

“ಇವತ್ತು ನಿಮ್ಮದು ಎಷ್ಟು ಬರೀತೀರಿ?”

“ಅರವತ್ತೆರಡು.”

“ನಂದು ಚಿಕ್ಕದಲ್ವಾ? ಎಪ್ಪತ್ತು ಬರ್ಕೋತೀನಿ,” ಎಂದು ಬರೆದು ಸಹಿ ಹಾಕುತ್ತಾಳೆ. “ತಾತ್ಕಾಲಿಕ ನೋಡಿ. ಸ್ವಲ್ಪ ಹೆಚ್ಚೇ ತೋರಿಸ್ಬೇಕು.”

ಊಟ ಮುಗಿದ ಮೇಲೆ ಅವನು ಬಂಡೆಯ ಅಂಚಿನಿಂದ ಲೋಟ ಇಳಿಸುತ್ತಾನೆ. ಬೆಳಿಗ್ಗೆ ಅಂಚುಮಟ್ಟ ತುಂಬಿದ್ದ ನೀರು ಒಂದು ಹನಿಯೂ ತುಳುಕಿರುವುದಿಲ್ಲ. ಇಬ್ಬರೂ ಅರ್ಧರ್ಧ ಕುಡಿಯುತ್ತಾರೆ.