ಸಿರಾಮಿಕ್ ಬಿಲ್ಲೆಯ ಬಳಿ ತಾವು ಬಗ್ಗದಿರುವ ಕುರಿತು

ಇಂದ,
ಬಿಲ್ಲೆ ಸುಡುವ ಸಂಶೋಧನಾ ವಿದ್ಯಾರ್ಥಿನಿ,
ಕುಲುಮೆಯ ಪಕ್ಕದ ಸ್ಟೂಲು, ಅಮೋನಿಯ ಪ್ರಯೋಗಾಲಯ.

ಗೆ,
ಮಾನ್ಯ ಮುಖ್ಯಸ್ಥರು,
ಏಸಿ ಇರುವ ಕೋಣೆ, ಅದೇ ಪ್ರಯೋಗಾಲಯ.

ಮಾನ್ಯರೇ,

ವಿಷಯ: ಸೋಮವಾರ ತಜ್ಞರೆದುರು ನಡೆಯುವ ಪ್ರಯೋಗದಿಂದ ತಾವು ದೂರ ನಿಲ್ಲುವ ಬಗ್ಗೆ.

ಉಲ್ಲೇಖ: "ನಾನು ಬಂದು ಬಗ್ಗಿ ನೋಡಿದ್ರೆ ಸಾಕು, ಅಮೋನಿಯ ತಾನಾಗೇ ಬರುತ್ತೆ. ಎಲ್ಲಾ ಕೈಗುಣ ಕಣಮ್ಮ" ಎಂದು ತಾವು ಪದೇ ಪದೇ ನೀಡಿದ ಮೌಖಿಕ ಹೇಳಿಕೆ.

೧. ಸಾರಜನಕ ಮತ್ತು ನೀರಾವಿಯನ್ನು ಸಿರಾಮಿಕ್ ಬಿಲ್ಲೆಗೆ ತಾಗಿಸಿ, ವಿದ್ಯುತ್ ಹಾಯಿಸಿ, ದೊಡ್ಡ ಕಾರ್ಖಾನೆಯಿಲ್ಲದೆ ಅಮೋನಿಯ ತಯಾರಿಸುವುದು ಅರ್ಜಿದಾರಳ ಸಂಶೋಧನೆ. ಹೊರಬಂದ ಅನಿಲ ಆಮ್ಲದ ಬಾಟಲಿಗೆ ಇಳಿಯುತ್ತದೆ. ಅಲ್ಲಿ ಸಿಕ್ಕಿಬಿದ್ದ ಅಮೋನಿಯವನ್ನು ಅಳೆಯಲಾಗುತ್ತದೆ. ಬಿಲ್ಲೆ ಸುಟ್ಟು, ಒಡೆದು, ಮತ್ತೆ ಸುಟ್ಟು ಸದರಿಯವಳ ಯೌವನದ ಬಹುಪಾಲು ಕುಲುಮೆಗೇ ಹೋಗಿದೆ.

೨. ತಾವು ಬಂದು ಬಾಟಲಿಯ ಮುಚ್ಚಳ ತೆಗೆದು, ಬಗ್ಗಿ "ಶಭಾಷ್" ಎಂದ ದಿನವೆಲ್ಲ ಅಳತೆ ಮುಗಿಲು ಮುಟ್ಟಿದೆ. ತಾವು ಬಾರದ ದಿನ ಅಷ್ಟಕ್ಕಷ್ಟೇ. ಹೊರಗಿನ ಅಮೋನಿಯ ಎಲ್ಲಿಂದಲೋ ಸೇರುತ್ತಿದೆಯೆಂಬ ಶಂಕೆಯಿಂದ ಕೈಗವಸು ಬದಲಿಸಲಾಯಿತು. ನೆಲ ಒರೆಸುವ ದ್ರಾವಣ ನಿಲ್ಲಿಸಲಾಯಿತು. ಒರೆಸುವ ಅಕ್ಕ ಮುನಿಸಿಕೊಂಡದ್ದು ಬಿಟ್ಟರೆ ಏನೂ ಆಗಲಿಲ್ಲ.

೩. ಭಾನುವಾರ ಅಮ್ಮನ ತಲೆಗೆ ಡೈ ಹಚ್ಚುವಾಗ ಅರ್ಜಿದಾರಳಿಗೆ ಘಮ್ಮೆಂದು ತಮ್ಮ ನೆನಪಾಯಿತು. ಡಬ್ಬಿಯ ಮೇಲೆ ಅಮೋನಿಯ ಎಂದೇ ಮುದ್ರಿಸಿದೆ. "ಡಬ್ಬಿ ಆಮೇಲೆ ಓದ್ಕೊಳ್ಳೇ, ಅರ್ಧ ತಲೆ ಕಪ್ಪು, ಅರ್ಧ ಬಿಳಿ, ಹಿಂಗೇ ಬಿಟ್ಟು ಹೋಗ್ತೀಯಾ?" ಎಂದು ಅಮ್ಮ ಗದರಿದರು. ತಮ್ಮ ಕೂದಲು ಹುಟ್ಟಿನಿಂದಲೇ ಕಪ್ಪು ಎಂಬ ಬಗ್ಗೆ ಪ್ರಯೋಗಾಲಯದಲ್ಲಿ ಯಾರ ತಕರಾರೂ ಇಲ್ಲ. ಆದರೆ ಪ್ರಯೋಗದ ದಿನ ಫೋಟೊ ತೆಗೆಯುತ್ತಾರೆಂದು ಅದು ಬೆಳಿಗ್ಗೆಯೇ ಇನ್ನಷ್ಟು ಕಪ್ಪಾಗಿರುತ್ತದೆ.

೪. ಆದ್ದರಿಂದ ಗುರುವಾರ, ತಮ್ಮ ಅನುಮತಿ ಪಡೆಯದೆ, ಬಿಲ್ಲೆಗೆ ಹಾಯುವ ವಿದ್ಯುತ್ ಕಡಿತಗೊಳಿಸಲಾಯಿತು. ತಾವು ಬಗ್ಗಿದಿರಿ. ಅಳತೆ ಏರಿತು.

"ನೋಡ್ದೇನಮ್ಮ?" ಎಂದಿರಿ.

"ನೋಡ್ದೆ ಸರ್" ಎಂದಳು ಅರ್ಜಿದಾರಳು. ಆಮೇಲೆ ಸ್ಟೋರ್ ರೂಮಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷದ ಗ್ರಾಫೆಲ್ಲ ತಮ್ಮ ಕೂದಲಿನದೇ ಎಂದು ತಿಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

೫. ಆದರೆ ಶುಕ್ರವಾರ ತಾವು ರಜೆಯಲ್ಲಿದ್ದಿರಿ. ವಿದ್ಯುತ್ ಹಾಯಿಸಿದಾಗ ಚೂರೇ ಚೂರು ಅಮೋನಿಯ ಬಂತು. ನಿಲ್ಲಿಸಿದರೆ ನಿಂತಿತು. ಮತ್ತೆ ಹಾಯಿಸಿದರೆ ಮತ್ತೆ ಬಂತು. ಸಾಸಿವೆಯಷ್ಟು, ಆದರೆ ಅದು ಬಿಲ್ಲೆಯದೇ. ಅರ್ಜಿದಾರಳು ಕುಲುಮೆಯ ಮುಂದೆ ಒಬ್ಬಳೇ ಕುಣಿದಳು.

ಕಾರಣ, ಆ ಚೂರನ್ನೇ ತಜ್ಞರಿಗೆ ತೋರಿಸಲು ಅಪ್ಪಣೆ ಕೊಡಬೇಕೆಂದೂ, ಇಲ್ಲವಾದರೆ ಅವರೇ ಮೂಸಿ ಪತ್ತೆ ಹಚ್ಚಿ ನಮ್ಮಿಬ್ಬರ ಮರ್ಯಾದೆಯೂ ಮೂರು ಕಾಸಿಗೆ ಹರಾಜಾಗುವುದೆಂದೂ ಸವಿನಯವಾಗಿ ನಿವೇದಿಸಿದೆ. ವಿಷಯ ಹೊರಗೆ ಹೋಗಿಲ್ಲ. ಅಮ್ಮನಿಗೆ ಗೊತ್ತು, ಅವರೂ ಅದೇ ಡಬ್ಬಿಯವರು.

ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
೧. ತಾವು ಬಗ್ಗಿದ ದಿನಗಳ ಗ್ರಾಫು.
೨. ತಾವಿಲ್ಲದ ಶುಕ್ರವಾರದ ಗ್ರಾಫು (ಭೂತಗನ್ನಡಿ ಸಹಿತ).
೩. ಅಮೋನಿಯರಹಿತ ಡೈ, ಒಂದು ಡಬ್ಬಿ.

ಕೊನೆಯ ಕೋರಿಕೆ: ತಾವು ಬಗ್ಗಲೇಬೇಕೆಂದಿದ್ದರೆ ಲಗತ್ತು ೩ನ್ನು ಬಳಸತಕ್ಕದ್ದು. ಅಮ್ಮನ ತಲೆಯ ಮೇಲೆ ಪರೀಕ್ಷಿಸಲಾಗಿದೆ. ಕಪ್ಪು ಹೆಚ್ಚು ದಿನ ನಿಲ್ಲುವುದಿಲ್ಲ, ಸೋಮವಾರಕ್ಕೆ ಸಾಕು.